ಕ್ರೈಸ್ತ ಕಾಲೇಜು ಹುಡುಕಿಕೊಡುವ ಸಲಹಾ ಕೇಂದ್ರ: ಮೂರು ಸಾವಿರ ರೂಪಾಯಿಗೆ ಸಿಕ್ಕದ್ದೇನು?

2025ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರವೇ ನಾನು ದಾವಣಗೆರೆಯ ಒಂದು ಕಾಲೇಜು ಪ್ರವೇಶ ಸಲಹಾ ಕೇಂದ್ರಕ್ಕೆ ಮೂರು ಸಾವಿರ ರೂಪಾಯಿ ಕಟ್ಟಿದೆ. ಮಗಳಿಗೆ ಬಿ.ಕಾಂ. ಓದುವ ಆಸೆ, ಅದನ್ನು ಕ್ರೈಸ್ತ ಆಡಳಿತದ, ಹಾಸ್ಟೆಲ್ ಇರುವ ಕಾಲೇಜಿನಲ್ಲೇ ಓದಿಸಬೇಕೆಂಬುದು ಅವಳ ಅಜ್ಜಿಯ ಹಟ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಕರಾರು ಇರುವುದು ಒಂದು ಬೋರ್ಡಿನ ಮೇಲಲ್ಲ, ಈ ಕಸುಬು ನಡೆಯುವ ರೀತಿಯ ಮೇಲೆ.

ದಾವಣಗೆರೆಯಲ್ಲಿ ಕಾಲೇಜುಗಳಿಗೆ ಬರವಿಲ್ಲ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ ಊರಿನ ಅರ್ಧ ಗುರುತನ್ನೇ ಕಟ್ಟಿಕೊಟ್ಟಿದೆ. 2009ರಿಂದ ನಮ್ಮದೇ ವಿಶ್ವವಿದ್ಯಾಲಯವೂ ತೋಳಹುಣಸೆಯಲ್ಲಿದೆ. ಆದರೆ ಈ ಕಡೆ, ಅಂದರೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ, ಕ್ರೈಸ್ತ ಸಂಸ್ಥೆಗಳ ಹೆಸರು ಹೆಚ್ಚಾಗಿ ಕೇಳಿಬರುವುದು ಶಾಲೆಗಳ ಮಟ್ಟದಲ್ಲಿ. ಪದವಿಯ ಮಾತು ಬಂದಾಗ ನಮ್ಮವರ ಕಣ್ಣು ಮಂಗಳೂರು, ಮೈಸೂರು, ಬೆಂಗಳೂರಿನ ಕಡೆ ಹೊರಳುತ್ತದೆ. 1880ರ ಸಂತ ಅಲೋಶಿಯಸ್, 1882ರ ಸಂತ ಜೋಸೆಫ್, 1946ರ ಸಂತ ಫಿಲೋಮಿನಾ ಎಂಬ ಹೆಸರುಗಳನ್ನು ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೇಳುತ್ತಲೇ ಬೆಳೆದವರು ನಾವು. ಈ ಹೆಸರುಗಳು ಗಳಿಸಿದ ವಿಶ್ವಾಸವೇ ಅವುಗಳ ನೆರಳಿನಲ್ಲಿ ನಿಂತ ಹತ್ತಾರು ಸಣ್ಣ ಕಾಲೇಜುಗಳಿಗೂ ಬಂಡವಾಳವಾಗಿದೆ. ಗೇಟಿನ ಮೇಲೊಂದು ಶಿಲುಬೆ, ಹೆಸರಿನಲ್ಲೊಬ್ಬ ಸಂತ ಇದ್ದರೆ ಉಳಿದದ್ದನ್ನು ನಾವೇ ಊಹಿಸಿಕೊಂಡು ಬಿಡುತ್ತೇವೆ.

ಕೇಂದ್ರದವರು ಮಾಡಿದ ಒಳ್ಳೆಯ ಕೆಲಸವನ್ನು ಮೊದಲು ಹೇಳುವುದು ನ್ಯಾಯ. ಪದವಿ ಪ್ರವೇಶಕ್ಕೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಏಕೀಕೃತ ಜಾಲತಾಣವಾದ ಯುಯುಸಿಎಂಎಸ್ನಲ್ಲಿ ಅರ್ಜಿ ತುಂಬುವುದು ಹೇಗೆ, ಕ್ರೈಸ್ತರಿಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರವರ್ಗ 3ಬಿ ಪ್ರಮಾಣಪತ್ರವನ್ನು ಯಾವಾಗ ಮಾಡಿಸಿಡಬೇಕು, ಅಲ್ಪಸಂಖ್ಯಾತ ಕೋಟಾದ ಸೀಟಿಗೆ ಧರ್ಮಕೇಂದ್ರದ ಗುರುಗಳಿಂದ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ ಏಕೆ ಬೇಕು ಎಂಬುದನ್ನೆಲ್ಲ ಅಲ್ಲಿದ್ದ ಹುಡುಗಿ ಒಂದು ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟಳು. ಆ ಹಾಳೆಯಿಂದಾಗಿ ತಹಶೀಲ್ದಾರ್ ಕಚೇರಿಗೆ ನಾನು ಎರಡು ಸಲ ಹೋಗುವುದು ತಪ್ಪಿತು.

ತೊಂದರೆ ಶುರುವಾದದ್ದು ಕಾಲೇಜುಗಳ ಪಟ್ಟಿ ಕೈಗೆ ಬಂದ ಮೇಲೆ. ಪಟ್ಟಿಯಲ್ಲಿದ್ದ ನಾಲ್ಕು ಕಾಲೇಜುಗಳ ಮುಂದೆಯೂ ‘ಮಾನ್ಯತೆ ಪಡೆದದ್ದು’ ಎಂದು ಒಂದೇ ಮಾತು ಬರೆದಿತ್ತು. ಯಾರ ಮಾನ್ಯತೆ ಎಂದು ಕೇಳಿದೆ. ಕೇಂದ್ರದ ಯಜಮಾನರು ಕುರ್ಚಿಗೆ ಒರಗಿ, “ಎಲ್ಲಾ ಮಾನ್ಯತೆ ಐತ್ರೀ ಸರ್, ನೀವೇನೂ ತಲೆ ಕೆಡಿಸ್ಕೋಬ್ಯಾಡ್ರಿ” ಎಂದರು. ನಾನು ಒಂದು ಸಹಕಾರ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಸಾಲದ ಕಾಗದಗಳನ್ನು ನೋಡಿದವನು. ತಲೆ ಕೆಡಿಸಿಕೊಳ್ಳಬೇಡಿ ಎಂದವರ ಕಡತವನ್ನೇ ಮೊದಲು ತೆರೆಯುವುದು ನನ್ನ ರೂಢಿ.

ಕನ್ನಡದಲ್ಲಿ ‘ಮಾನ್ಯತೆ’ ಎಂಬ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿ ಕುಳಿತಿರುತ್ತವೆ. ಕಾಲೇಜು ತೆರೆಯಲು ಸರ್ಕಾರ ಕೊಡುವ ಅನುಮತಿಯನ್ನೂ ನಾವು ಮಾನ್ಯತೆ ಎನ್ನುತ್ತೇವೆ. ವಿಶ್ವವಿದ್ಯಾಲಯವು ತನ್ನ ಪರೀಕ್ಷೆ ಬರೆಯಿಸಲು, ತನ್ನ ಪದವಿ ಕೊಡಿಸಲು ಆ ಕಾಲೇಜನ್ನು ಸೇರಿಸಿಕೊಳ್ಳುವ ಸಂಯೋಜನೆಯೂ ಮಾನ್ಯತೆಯೇ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 2(ಎಫ್) ಮತ್ತು 12(ಬಿ) ಕಲಮುಗಳ ಅಡಿಯಲ್ಲಿ ಹೆಸರು ಸೇರುವುದಕ್ಕೂ, ಶಿಕ್ಷಕರ ತರಬೇತಿಗೆ ಎನ್‌ಸಿಟಿಇ, ನರ್ಸಿಂಗಿಗೆ ನರ್ಸಿಂಗ್ ಪರಿಷತ್ತು ಕೊಡುವ ಅನುಮೋದನೆಗೂ ಅದೇ ಹೆಸರು. ಇವೆಲ್ಲ ಕಾಲೇಜು ನಡೆಸಲು ಅಥವಾ ಯುಜಿಸಿಯ ಅನುದಾನಕ್ಕೆ ಅರ್ಹವಾಗಲು ಬೇಕಾದ ಕಾಗದಗಳು. ಒಳಗೆ ಪಾಠ ಹೇಗೆ ನಡೆಯುತ್ತಿದೆ, ಗ್ರಂಥಾಲಯದಲ್ಲಿ ಏನಿದೆ, ಓದಿ ಹೊರಬಂದವರು ಎಲ್ಲಿಗೆ ಹೋದರು ಎಂಬುದನ್ನು ಹೊರಗಿನವರು ಬಂದು ನೋಡಿ ಅಂಕ ಕೊಡುವುದು ನಾಲ್ಕನೆಯದಾದ ನ್ಯಾಕ್‌ನ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತಿನ) ಮೌಲ್ಯಮಾಪನದಲ್ಲಿ. 1994ರಲ್ಲಿ ಯುಜಿಸಿ ಸ್ಥಾಪಿಸಿದ ಈ ಸಂಸ್ಥೆಯ ಕಚೇರಿ ಇರುವುದು ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ. ಮೊದಲನೆಯದನ್ನು ತೋರಿಸಿ ನಾಲ್ಕನೆಯದನ್ನು ನಂಬಿಸುವುದು ಈ ವ್ಯಾಪಾರದ ಹಳೆಯ ಕೈಚಳಕ.

ಪಟ್ಟಿಯ ಮೊದಲನೆಯ ಕಾಲೇಜಿನ ಕರಪತ್ರದಲ್ಲಿ ‘ನ್ಯಾಕ್ ಎ ಶ್ರೇಣಿ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು, ಕೆಳಗೆ ಪ್ರಮಾಣಪತ್ರದ ಅಂಚೆಚೀಟಿಯಷ್ಟು ಚಿತ್ರವೂ ಇತ್ತು. ಅದರ ಮೂಲ ಪ್ರತಿ ಕಳಿಸಿಕೊಡಿ ಎಂದು ಮೂರು ಬಾರಿ ಕೇಳಿದ ಮೇಲೆ ಕೇಂದ್ರದವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಗಾಜಿನ ಚೌಕಟ್ಟಿನ ಮೇಲೆ ಟ್ಯೂಬ್‌ಲೈಟಿನ ಬಿಳಿಪಟ್ಟಿ ಬಿದ್ದು ದಿನಾಂಕ ಕಾಣುತ್ತಿರಲಿಲ್ಲ. ಚೌಕಟ್ಟಿಗೆ ಹಾಕಿದ್ದ ಪ್ಲಾಸ್ಟಿಕ್ ಹೂವಿನ ಹಾರವೊಂದು ಎಡಗಡೆ ಇಳಿದಿತ್ತು. ಮಗಳು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸುತ್ತಾ ಹೋದಳು. ಕಾಲೇಜಿನ ಹೆಸರಿತ್ತು, ಹೆಸರಿನ ಮುಂದೆ ಅಲ್ಪವಿರಾಮವಿತ್ತು, ಅಲ್ಪವಿರಾಮದ ಮುಂದೆ ಬೇರೆ ಊರಿನ ಹೆಸರಿತ್ತು. ಅದೇ ಆಡಳಿತ ಮಂಡಳಿ ಅದೇ ಸಂತರ ಹೆಸರಿನಲ್ಲಿ ಇನ್ನೂರು ಕಿಲೋಮೀಟರ್ ದೂರದಲ್ಲಿ ನಡೆಸುತ್ತಿರುವ ಹಳೆಯ ಕಾಲೇಜಿನ ಪ್ರಮಾಣಪತ್ರ ಅದು. ನ್ಯಾಕ್ ಅಂಕ ಕೊಡುವುದು ಒಂದೊಂದು ಸಂಸ್ಥೆಗೆ ಪ್ರತ್ಯೇಕವಾಗಿ; ಅಣ್ಣನ ಅಂಕಪಟ್ಟಿಯನ್ನು ತಮ್ಮ ತೋರಿಸಿ ನೌಕರಿ ಕೇಳುವಂತಿಲ್ಲ.

ಆ ಕಾಲೇಜಿನ ಪರವಾಗಿ ಒಂದು ಮಾತು ಹೇಳಬೇಕು. ಆರು ವರ್ಷ ನಡೆದಿರಬೇಕು ಅಥವಾ ಎರಡು ತಂಡಗಳು ಪದವಿ ಮುಗಿಸಿ ಹೊರಬಂದಿರಬೇಕು, ಆಮೇಲಷ್ಟೇ ಒಂದು ಕಾಲೇಜು ನ್ಯಾಕ್‌ಗೆ ಅರ್ಜಿ ಹಾಕಲು ಬರುತ್ತದೆ. ಇವರದು ನಾಲ್ಕು ವರ್ಷದ ಕಾಲೇಜು, ಶ್ರೇಣಿ ಇಲ್ಲದಿರುವುದು ತಪ್ಪೇನೂ ಅಲ್ಲ. ‘ನಮ್ಮದು ಹೊಸದು, ಇನ್ನೂ ಮೌಲ್ಯಮಾಪನಕ್ಕೆ ಹೋಗಿಲ್ಲ’ ಎಂದು ಬರೆದಿದ್ದರೆ ನಾನು ಹೋಗಿ ನೋಡಿ ಬರುತ್ತಿದ್ದೆ; ಬಂಗಾರದ ಅಕ್ಷರ ಕಂಡ ಮೇಲೆ ಹೋಗಲಿಲ್ಲ.

ಮಗಳಿಗೆ ಬಿ.ಕಾಂ. ಸಿಗದಿದ್ದರೆ ಬಿಬಿಎ ಆಗಲಿ ಎಂದು ಕೇಂದ್ರದವರು ಎರಡನೆಯ ಕಾಲೇಜನ್ನು ಮುಂದಿಟ್ಟರು. 2024-25ರಿಂದ ಬಿಬಿಎ ಮತ್ತು ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತಾದ ಎಐಸಿಟಿಇಯ ವ್ಯಾಪ್ತಿಗೆ ಬಂದಿವೆ ಎಂಬುದು ಹಣ ಪಡೆದು ಸಲಹೆ ಕೊಡುವವರಿಗೆ ಗೊತ್ತಿರಲಿಲ್ಲ. ಹಾಗಾದರೆ ಅನುಮೋದನೆಯ ಪತ್ರ ಎಲ್ಲಿ ಎಂದು ಕೇಳಿದ್ದಕ್ಕೆ ಉತ್ತರವಾಗಿ ಹಾಸ್ಟೆಲ್ಲಿನ ಊಟದ ಪಟ್ಟಿ ಬಂತು. ಊಟ ಚೆನ್ನಾಗಿಯೇ ಇತ್ತು, ವಾರಕ್ಕೆರಡು ದಿನ ಮೀನು.

ಇದೇ ಕೇಂದ್ರಕ್ಕೆ ನಮ್ಮ ಪಕ್ಕದ ಮನೆಯ ಹುಡುಗನೂ ಹಣ ಕಟ್ಟಿದ್ದ. ಅವನದು ಬೇರೆ ಸಭೆ, ಅಂದರೆ ಬೇರೆ ಕ್ರೈಸ್ತ ಪಂಗಡ; ಅವನಿಗೆ ದೈವಶಾಸ್ತ್ರ ಓದಿ ಸಭಾಪಾಲಕ (ಪಾಸ್ಟರ್) ಆಗುವ ಆಸೆ. ಅವನಿಗೆ ಸೂಚಿಸಿದ ಬೈಬಲ್ ಕಾಲೇಜಿನ ಕರಪತ್ರದಲ್ಲಿ ‘ಅಂತಾರಾಷ್ಟ್ರೀಯ ಮಾನ್ಯತೆ’ ಎಂದಿತ್ತು, ಮಾನ್ಯತೆ ಕೊಟ್ಟವರು ಯಾರೆಂದು ಇರಲಿಲ್ಲ. ಮೂರು ವರ್ಷದ ಕೊನೆಗೆ ಪದವಿ, ಇನ್ನೆರಡು ವರ್ಷಕ್ಕೆ ಡಾಕ್ಟರೇಟ್ ಎಂದೂ ಇತ್ತು. ಸಾಮಾನ್ಯ ಪದವಿಗಿಂತ ಈ ಕ್ಷೇತ್ರದಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಇಲ್ಲಿ ನೋಡಬೇಕಾದ ಹೆಸರುಗಳೇ ಬೇರೆ. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಬಂಗಾಳದ ಸೆರಾಂಪುರದಲ್ಲಿ ತೆರೆದ ಕಾಲೇಜಿಗೆ, ಆ ಊರು ಆಗ ಡೆನ್ಮಾರ್ಕಿನ ವಶದಲ್ಲಿದ್ದುದರಿಂದ, 1827ರಲ್ಲಿ ಅಲ್ಲಿನ ರಾಜನೇ ಪದವಿ ಕೊಡುವ ಸನ್ನದು ಕೊಟ್ಟ. 1918ರ ಕಾಯ್ದೆ ಅದನ್ನು ಗಟ್ಟಿಮಾಡಿತು. ಇಂದಿಗೂ ಸೆರಾಂಪುರದ ಸೆನೆಟ್ ದೈವಶಾಸ್ತ್ರದ ಪದವಿಗಳನ್ನು ಕೊಡುತ್ತದೆ, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಮತ್ತು ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಅದಕ್ಕೆ ಸೇರಿದವು. ಇನ್ನೊಂದು ಹೆಸರು 1970ರಲ್ಲಿ ಹುಟ್ಟಿದ ಏಷ್ಯಾ ಥಿಯೊಲಾಜಿಕಲ್ ಅಸೋಸಿಯೇಷನ್. ಇದು ವಿಶ್ವವಿದ್ಯಾಲಯವಲ್ಲ, ಬೈಬಲ್ ಕಾಲೇಜುಗಳ ಮಟ್ಟ ನೋಡಿ ಮಾನ್ಯತೆ ಕೊಡುವ ಸಂಘ. ಇದರ ಮಾನ್ಯತೆಗೆ ಸಭೆಗಳಲ್ಲಿ ಬೆಲೆಯಿದೆ, ಆದರೆ ಅದು ಯುಜಿಸಿಯ ಮಾನ್ಯತೆಯಲ್ಲ. ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನು ಹಾಗೆಂದು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಇದೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಸಭೆಯ ಹಿರಿಯರು ಯಾವ ಕಾಲೇಜಿನ ಪದವಿಯವನಿಗೆ ದೀಕ್ಷೆ ಕೊಡುತ್ತಾರೆಂದು ಮೊದಲು ಕೇಳಿಕೋ, ಆಮೇಲೆ ಮುಂದೆ ಎಂದಾದರೂ ಬೇರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವ ಆಸೆ ಬಂದರೆ ಈ ಪದವಿ ನಡೆಯುತ್ತದೆಯೇ ಎಂದು ಆ ವಿಶ್ವವಿದ್ಯಾಲಯಕ್ಕೇ ಬರೆದು ಕೇಳು. ಅವನು ಎರಡೂ ಕಡೆ ಬರೆದ. ಕೇಂದ್ರದವರ ಮೇಲಿನ ಸಿಟ್ಟು ಅವನಿಗೆ ನನಗಿಂತ ಜಾಸ್ತಿ ಇದೆ.

ಹಾಗೆಂದು ನ್ಯಾಕ್‌ನ ಅಕ್ಷರವನ್ನೇ ದೇವರ ವಾಕ್ಯವೆಂದು ಹಿಡಿಯಬೇಕಾಗಿಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ಎ++ ಶ್ರೇಣಿ ಕೊಡಿಸಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದವರನ್ನೇ ಸಿಬಿಐ ಬಂಧಿಸಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. 2017ರಲ್ಲಿ ಪರಿಷ್ಕರಿಸಿದ ಕ್ರಮದಲ್ಲಿ ಒಟ್ಟು ಅಂಕದ ಶೇ 70ರಷ್ಟು ಕಾಲೇಜೇ ತುಂಬಿ ಕಳಿಸಿದ ಅಂಕಿಅಂಶಗಳಿಂದ ಬರುತ್ತದೆ, ಉಳಿದದ್ದಷ್ಟೇ ತಂಡದ ಭೇಟಿಯಿಂದ. ಆದ್ದರಿಂದ ನನ್ನ ಮಟ್ಟಿಗೆ ಶ್ರೇಣಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಶ್ರೇಣಿಯ ಹಿಂದಿನ ಕಾಗದಗಳು. ಕಾಲೇಜು ಸ್ವತಃ ಬರೆದ ಸ್ವಯಂ ಅಧ್ಯಯನ ವರದಿ ಕಾಲೇಜಿನ ಜಾಲತಾಣದಲ್ಲಿ ಸಿಗುತ್ತದೆ, ಭೇಟಿ ಕೊಟ್ಟ ತಂಡದ ವರದಿಯೂ ಓದಲು ಸಿಗುತ್ತದೆ. ಒಂದು ಕಾಲೇಜಿನ ವರದಿಯ ಕೊನೆಯ ಪುಟದಲ್ಲಿ ತಂಡದವರು ‘ಖಾಲಿ ಇರುವ ಬೋಧಕ ಹುದ್ದೆಗಳನ್ನು ತುಂಬುವುದು’ ಎಂದು ಸಲಹೆ ಬರೆದಿದ್ದರು. ಎ ಅಕ್ಷರ ಹೇಳದ ಮಾತನ್ನು ಆ ಒಂದು ಸಾಲು ಹೇಳಿತು.

ಕೊನೆಗೆ ಮಗಳು ಸೇರಿದ ಕಾಲೇಜು ಕೇಂದ್ರದ ಪಟ್ಟಿಯಲ್ಲಿ ಇರಲೇ ಇಲ್ಲ. ಚರ್ಚಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದು. ಸಿಸ್ಟರ್‌ಗಳು ನಡೆಸುವ, ದೊಡ್ಡ ಹೆಸರಿಲ್ಲದ ಕಾಲೇಜು. ಬಿ++ ಶ್ರೇಣಿ, ಅಂದರೆ 4ಕ್ಕೆ 2.76ರಿಂದ 3.00ರ ನಡುವಿನದು; ಎ ಶ್ರೇಣಿ ಶುರುವಾಗುವುದು 3.01ರಿಂದ. ಬೆಳಗಿನ ಜನಶತಾಬ್ದಿಯಲ್ಲಿ ಹೋಗಿ ನೋಡಿದೆವು. ಪ್ರಾಂಶುಪಾಲರಾದ ಸಿಸ್ಟರ್ ಅವರ ಮುಂದೆ ನಾನು ನನ್ನ ಪ್ರಶ್ನೆಗಳ ಚೀಟಿಯನ್ನು ತೆಗೆದಾಗ ಅವರು ನಕ್ಕು, ಕಡತವನ್ನೇ ತಂದು ಮೇಜಿನ ಮೇಲಿಟ್ಟು, “ನಮಗೆ ಸಂಶೋಧನೆಯಲ್ಲಿ ಅಂಕ ಹೋಯಿತು, ಪಾಠದಲ್ಲಿ ಹೋಗಲಿಲ್ಲ, ನೀವೇ ನೋಡಿ” ಎಂದು ಆ ಪುಟ ತೆಗೆದು ತೋರಿಸಿದರು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಟಿಪ್ಪಣಿಗಳಿದ್ದವು, ಯಾರೋ ಅದನ್ನು ಓದಿದ್ದರು. ಗ್ರಂಥಾಲಯ ಚಿಕ್ಕದು, ಕ್ಯಾಂಟೀನಿನ ದೋಸೆಗೆ ನಮ್ಮೂರಿನ ಬೆಣ್ಣೆ ದೋಸೆಯ ಮುಂದೆ ನಿಲ್ಲುವ ಧೈರ್ಯವಿಲ್ಲ, ಹಾಸ್ಟೆಲ್ಲಿನ ಗೇಟು ಸಂಜೆ ಆರೂವರೆಗೇ ಮುಚ್ಚುತ್ತದೆಂದು ಮಗಳಿಗೆ ಬೇಸರ. ಅಜ್ಜಿಗೆ ಅದೇ ಸಮಾಧಾನ.

ಸಲಹಾ ಕೇಂದ್ರಕ್ಕೆ ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ, ಎರಡೂ ದುಂಡಗಿನ ಅಕ್ಷರದ ಆ ಹುಡುಗಿಗೆ. ಅರ್ಜಿ ಮತ್ತು ಪ್ರಮಾಣಪತ್ರಗಳ ಕೆಲಸಕ್ಕೆ ಮಾತ್ರ ಹೋಗುವುದಾದರೆ ಐನೂರು ರೂಪಾಯಿಗಿಂತ ಹೆಚ್ಚು ಕೊಡಬೇಕಾಗಿಲ್ಲ. ಹಣ ಹಿಂದಿರುಗಿಸುವಂತೆ ಕೇಳಿದ್ದಕ್ಕೆ, ಪಟ್ಟಿ ಕೊಟ್ಟ ಮೇಲೆ ಸೇವೆ ಮುಗಿಯಿತೆಂದು ರಸೀದಿಯ ಹಿಂಭಾಗದಲ್ಲಿ ಅಚ್ಚಾಗಿರುವುದನ್ನು ಯಜಮಾನರು ತೋರಿಸಿದರು; ಇಪ್ಪತ್ತೆರಡು ವರ್ಷ ಕಾಗದ ಓದಿದ ನಾನೂ ಅದನ್ನು ಓದಿರಲಿಲ್ಲ. ಮಗಳ ಕಾಲೇಜಿನ ಪ್ರಮಾಣಪತ್ರದ ಅವಧಿ ಐದು ವರ್ಷ, ಅದು 2028ರ ನವೆಂಬರ್‌ವರೆಗೆ ಇದೆ. ಅವಳ ಆರನೇ ಸೆಮಿಸ್ಟರ್ ಅದಕ್ಕೂ ಮೊದಲೇ ಮುಗಿಯುತ್ತದೆ.