ಅಂಗಡಿ ಕೀ, ಕತ್ತರಿ, ಟೇಪು: ಮೈಮೇಲೆ ಇಟ್ಟುಕೊಳ್ಳಲು ಆರು ದಾರಿ ನೋಡಿದೆ

ಸಾಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತೇನೆ. ಶಟರಿಗೆ ಮೂರು ಬೀಗ, ಗಲ್ಲಾಪೆಟ್ಟಿಗೆಗೆ ಒಂದು, ಮನೆಯ ಮುಂಬಾಗಿಲು, ಹಿತ್ತಲ ಬಾಗಿಲು, ಬೀರು. ಒಟ್ಟು ಏಳು ಕೀ. ಸ್ಕೂಟಿಯದು ಎಂಟನೆಯದು. ಮದುವೆ ಮನೆಗಳಿಗೆ ಅಳತೆ ತೆಗೆಯಲು, ಫಿಟ್ಟಿಂಗ್ ನೋಡಲು ಹೋಗಬೇಕಾಗುತ್ತದೆ. ಆಗ ಟೇಪು, ದಾರ ಕತ್ತರಿಸುವ ಪುಟ್ಟ ಕತ್ತರಿ, ಹೊಲಿಗೆ ಬಿಚ್ಚುವ ರಿಪ್ಪರ್, ಒಂದಿಷ್ಟು ಪಿನ್ನು, ಬಾಬಿನ್ ಕೇಸಿನ ಸ್ಕ್ರೂ ತಿರುಗಿಸುವ ಚಿಕ್ಕ ಸ್ಕ್ರೂಡ್ರೈವರ್ ಜೊತೆಗೆ ಬೇಕೇ ಬೇಕು. ನಾನು ಹಾಕಿಕೊಳ್ಳುವುದು ಚೂಡಿದಾರ. ಜೇಬೂ ಇಲ್ಲ, ಬೆಲ್ಟೂ ಇಲ್ಲ. ಈ ಹೋಲಿಕೆ ಹಾಗೆ ಜೇಬಿಲ್ಲದವರಿಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

(ನಮ್ಮ ಕಡೆ ಬೀಗ, ಬೀಗದಕೈ ಅನ್ನುತ್ತೇವೆ. ಹುಬ್ಬಳ್ಳಿ ಕಡೆಯ ಪಕ್ಕದಂಗಡಿ ಅಣ್ಣ ಬೀಗಕ್ಕೇ ಕೀಲಿ ಅನ್ನುತ್ತಾರೆ, ಇದಕ್ಕೆ ಕೀಲಿಕೈ. ಇಲ್ಲಿ ಸುಮ್ನೆ ಕೀ ಅಂತ ಬರೆಯುತ್ತೇನೆ.)

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣವಿದೆ. ನಮ್ಮೂರಿನ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಆಗ ಟೈಲರುಗಳಿಗೆ ನಿದ್ದೆ ಇರುವುದಿಲ್ಲ. ಹಿಂದೊಂದು ಜಾತ್ರೆಗೆ ಇನ್ನೆರಡು ದಿನ ಇದೆ ಅನ್ನುವಾಗ, ಅಂಗಡಿ ಮುಚ್ಚಿ ಸೊಪ್ಪು ತರಲು ಹೋದೆ. ಸ್ಕೂಟಿ ಸರ್ವಿಸಿಗೆ ಬಿಟ್ಟಿದ್ದರಿಂದ ನಡೆದೇ ಹೋಗಿದ್ದೆ. ಎರಡು ಕಟ್ಟು ಹರಿವೆ ಸೊಪ್ಪು ತೆಗೆದುಕೊಂಡೆ. ಪರ್ಸಿನಲ್ಲಿ ಚಿಲ್ಲರೆ ಹುಡುಕಲು ಎರಡೂ ಕೈ ಬೇಕಾಯಿತು. ಕೈಯಲ್ಲಿದ್ದ ಗೊಂಚಲನ್ನು ಸೊಪ್ಪಿನ ರಾಶಿಯ ಪಕ್ಕದಲ್ಲಿ ಇಟ್ಟೆ. ಮನೆ ಬಾಗಿಲಿಗೆ ಬಂದು ನಿಂತಾಗಲೇ ನೆನಪಾದದ್ದು. ಓಡಿದೆ. ಸೊಪ್ಪಿನ ಅಕ್ಕ ಗೋಣಿಚೀಲ ಕೊಡವಿ ಕೊಡವಿ ಹುಡುಕಿದಳು, ಸಿಗಲಿಲ್ಲ. ಅಂಗಡಿ ಒಳಗೆ ಜನರ 23 ಬ್ಲೌಸು. ರಾತ್ರಿ ಹತ್ತಕ್ಕೆ ಗ್ರೈಂಡರ್ ತರಿಸಿ ಶಟರಿನ ಮೂರೂ ಬೀಗ ಕತ್ತರಿಸಬೇಕಾಯಿತು. ಆ ಕಿಡಿ ಹಾರುವುದನ್ನು ನೋಡುತ್ತಾ ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಕೂತು ಯೋಚಿಸಿದೆ. ಕೀ ಎಲ್ಲೂ ಜಾರಿ ಬೀಳಲಿಲ್ಲ. ನಾನೇ ಕೈಯಾರೆ ಇಟ್ಟು ಬಂದೆ. ನಮ್ಮ ಮನೆಯಲ್ಲಿ ಇದುವರೆಗೆ ಕಳೆದ ಕೀಗಳನ್ನೆಲ್ಲ ಲೆಕ್ಕ ಹಾಕಿದರೆ ಹೆಚ್ಚಿನವು ಹಾಗೇ ಹೋದದ್ದು: ಯಾರದೋ ಮನೆ ಜಗಲಿ ಮೇಲೆ, ಮೆಡಿಕಲ್ ಶಾಪಿನ ಗಾಜಿನ ಮೇಲೆ, ಬಚ್ಚಲ ಗೂಡಿನಲ್ಲಿ. ಹಾಗಾಗಿ ನನ್ನ ಪರೀಕ್ಷೆ ಒಂದೇ. ಕೀ ತೂಗಿಕೊಂಡಿರುವಾಗ ಎಷ್ಟು ಭದ್ರ ಅಂತ ಅಲ್ಲ, ಬೀಗ ತೆಗೆಯುವ ಹೊತ್ತಿನಲ್ಲಿ ಅದು ನನ್ನ ಮೈಬಿಟ್ಟು ಹೋಗುತ್ತದಾ ಇಲ್ಲವಾ ಅಂತ. ಒಂದೊಂದನ್ನೂ ಕಡಿಮೆ ಅಂದರೆ ಎರಡು ವಾರ ಬಳಸಿದೆ.

ಎಲ್ಲಕ್ಕಿಂತ ಮೊದಲು ಸ್ಕೂಟಿ ಕೀಯನ್ನು ಗೊಂಚಲಿಂದ ಬೇರೆ ಮಾಡಿದೆ. ಇದನ್ನು ಹೇಳಿದ್ದು ನಮ್ಮ ಮೆಕ್ಯಾನಿಕ್. "ಅಕ್ಕಾ, ಇಷ್ಟು ದೊಡ್ಡ ಗೊಂಚಲು ನೇತಾಡಿದರೆ ಲಾಕ್ ಸವೆಯುತ್ತೆ" ಅಂದ. ಪಕ್ಕದಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, 168 ಗ್ರಾಂ. ಗುಂಡಿ ರಸ್ತೆಯಲ್ಲಿ ಅಷ್ಟೂ ಭಾರ ಕುಣಿಯುತ್ತಿರುತ್ತದೆ ಅಲ್ವಾ? ಆಮೇಲೆ ಓದಿದ ಸಂಗತಿ ಇನ್ನೂ ಗಾಬರಿ ಹುಟ್ಟಿಸಿತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಕೀ ಹಾಕುವ ಸ್ವಿಚ್ಚೇ ಸಡಿಲವಾಗಿತ್ತು. ಗೊಂಚಲಿನ ಭಾರಕ್ಕೋ ಕುಲುಕಾಟಕ್ಕೋ ಅದು ತಾನಾಗಿ ತಿರುಗಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಆ ದೋಷದಿಂದ 124 ಜನ ಸತ್ತರು ಅಂತ ಪರಿಹಾರ ಕೊಡುವಾಗ ಲೆಕ್ಕವಾಯಿತು. ರಿಪೇರಿ ಆಗುವವರೆಗೆ ಗೊಂಚಲಿಂದ ಎಲ್ಲ ತೆಗೆದು ಬರೀ ಕಾರಿನ ಕೀ ಇಟ್ಟುಕೊಂಡು ಓಡಿಸಿ ಅಂತ ಕಂಪನಿಯೇ ಹೇಳಿತ್ತು. ನನ್ನ ಸ್ಕೂಟಿಗೆ ಅಂಥ ದೋಷವೇನಿಲ್ಲ. ಆದರೂ ಅದರ ಕೀಗೆ ಈಗ ಒಂದು ಬಟ್ಟೆಯ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ.

ಇನ್ನು ಉಳಿದ ಏಳು.

ವ್ಯಾನಿಟಿ ಬ್ಯಾಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಟರಿನ ಮುಂದೆ ಮಳೆಯಲ್ಲಿ ನಿಂತು ಒಳಗೆ ಕೈಯಾಡಿಸಿದ ಅನುಭವ ಎಲ್ಲರಿಗೂ ಇದೆ. ಬ್ಯಾಗನ್ನು ಕೆಳಗಿಟ್ಟರೆ ಕೀ, ದುಡ್ಡು, ಫೋನು ಎಲ್ಲ ಒಟ್ಟಿಗೆ ಕೆಳಗೆ. ಕಳ್ಳ ಕಿತ್ತುಕೊಂಡರೂ ಒಟ್ಟಿಗೇ ಹೋಗುತ್ತದೆ.

ಎರಡನೆಯದು ಕೊರಳ ದಾರ, ಆಫೀಸಿನವರು ಐಡಿ ಕಾರ್ಡ್ ಹಾಕಿಕೊಳ್ಳುವಂಥದ್ದು. ಮೊದಲ ವಾರ ಇದೇ ಸಾಕು ಅನ್ನಿಸಿತು. ಕೀ ಎಲ್ಲಿದೆ ಅಂತ ಹುಡುಕುವುದೇ ಬೇಡ. ಆದರೆ 168 ಗ್ರಾಂ ದಿನವಿಡೀ ಕತ್ತಿನ ಹಿಂದೆ ಎಳೆಯುತ್ತಿದ್ದರೆ ಸಂಜೆಗೆ ತಲೆನೋವು. ಅದಕ್ಕಿಂತ ದೊಡ್ಡ ತೊಂದರೆ ಮಷೀನು. ನನ್ನದಕ್ಕೆ ಬಲಗಡೆ ಮೋಟಾರು, ಬೆಲ್ಟು ಹೊರಗೇ ಇದೆ. ಸೂಜಿಗೆ ದಾರ ಪೋಣಿಸಲು ಬಗ್ಗಿದಾಗ ಗೊಂಚಲು ಹೋಗಿ ಚಕ್ರಕ್ಕೆ ತಾಗಿ ಠಣ್ ಅಂದಿತು. ಪುಣ್ಯಕ್ಕೆ ಕಾಲು ಪೆಡಲಿನ ಮೇಲಿರಲಿಲ್ಲ. ಕತ್ತಿನ ದಾರ ತಿರುಗುವ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಹಿಂದುಗಡೆ ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕ್ಲಿಪ್ ಇರುವ ದಾರಗಳು ಸಿಗುತ್ತವೆ. ಕೊರಳಿಗೇ ಬೇಕು ಅನ್ನುವವರು ಅಂಥದ್ದನ್ನೇ ತೆಗೆದುಕೊಳ್ಳಿ. ಮಿಕ್ಸಿ, ಗ್ರೈಂಡರ್, ಹೊಲಿಗೆ ಮಷೀನಿನ ಹತ್ತಿರ ಅದನ್ನೂ ಹಾಕಿಕೊಳ್ಳಬೇಡಿ.

ಮೂರನೆಯದು ಅಜ್ಜಿಯ ಬೆಳ್ಳಿ ಗೊಂಚಲು. ನಮ್ಮ ಅಜ್ಜಿ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದದ್ದು. ಮೇಲೆ ನವಿಲಿನ ಆಕಾರದ ಚಪ್ಪಟೆ ತಗಡು, ಹಿಂದೆ ಬಾಗಿದ ಕೊಕ್ಕೆ, ಕೆಳಗೆ ಬಳೆಯಂಥ ರಿಂಗು, ರಿಂಗಿನ ಸುತ್ತ ಐದು ಪುಟ್ಟ ಗೆಜ್ಜೆ. ಅಮ್ಮ ಬೀರಿನಿಂದ ತೆಗೆದುಕೊಟ್ಟಾಗ ಗೆಜ್ಜೆ ಕಪ್ಪಾಗಿದ್ದವು. ಸೀಗೆಪುಡಿ ಹಾಕಿ ತಿಕ್ಕಿದೆ. ಗೆಜ್ಜೆ ಚೆಂದಕ್ಕೆ ಅಂತ ಅಂದುಕೊಂಡಿದ್ದೆ. ಎರಡೇ ದಿನದಲ್ಲಿ ಅರ್ಥವಾಯಿತು. ನಡೆಯುವಾಗ ಕಿಣಿಕಿಣಿ ಕೇಳುತ್ತಲೇ ಇರುತ್ತದೆ, ಮೂರನೇ ದಿನಕ್ಕೆ ಕಿವಿಗೆ ರೂಢಿಯಾಗುತ್ತದೆ. ಆಮೇಲೆ ಸದ್ದು ಇಲ್ಲದಿದ್ದರೆ ಮಾತ್ರ ಗೊತ್ತಾಗುತ್ತದೆ. ಒಂದು ದಿನ ಗೊಂಚಲನ್ನು ಕಟಿಂಗ್ ಟೇಬಲ್ಲಿನ ಮೇಲೆ ಬಿಟ್ಟು ಬಾಗಿಲವರೆಗೆ ಹೋಗಿದ್ದೆ. ಏನೋ ಕಮ್ಮಿಯಾಗಿದೆ ಅನ್ನಿಸಿ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಜ್ಜಿಯೂ ಹೀಗೇ ಮಾತಿನ ನಡುವೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದದ್ದು ಆಗ ನೆನಪಾಯಿತು.

ಆದರೆ ಇದು ಸೀರೆಗೆ ಮಾಡಿದ್ದು. ನೆರಿಗೆ ಸಿಕ್ಕಿಸಿದ ಮೇಲೆ ಸೊಂಟದಲ್ಲಿ ಬಟ್ಟೆ ನಾಲ್ಕೈದು ಪದರ ಇರುತ್ತದೆ, ಒಳಗೆ ಲಂಗದ ಲಾಡಿ ಬಿಗಿಯಾಗಿರುತ್ತದೆ. ಕೊಕ್ಕೆ ಕಚ್ಚಿಕೊಂಡು ಕೂರುತ್ತದೆ. ಚೂಡಿದಾರದ ಪ್ಯಾಂಟಿಗೆ ಸಿಕ್ಕಿಸಿದರೆ ಒಂದೇ ಪದರ, ಸ್ಕೂಟಿ ಹತ್ತುವಾಗ ಎರಡು ಸಲ ಕಳಚಿ ಬಿತ್ತು. ಸೀರೆ ಉಡುವವರಿಗೆ ಮಾತ್ರ ಕಣ್ಣುಮುಚ್ಚಿ ಹೇಳುತ್ತೇನೆ, ಮನೆಯಲ್ಲಿ ಇದ್ದರೆ ಹೊರಗೆ ತೆಗೆಯಿರಿ. ಬೆಳ್ಳಿಯದು ಮನೆಯೊಳಗೇ ಸಾಕು, ಸಂತೆಗೆ ಸ್ಟೀಲಿನದೊಂದು ಮಾಡಿಸಿಕೊಳ್ಳಿ.

ನಾಲ್ಕನೆಯದು ಎಳೆದರೆ ದಾರ ಬಂದು, ಬಿಟ್ಟರೆ ಒಳಗೆ ಹೋಗುವ ರೀಲು. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಟೇಪಿನಲ್ಲಿ ಇರುವಂಥದ್ದೇ ಸ್ಪ್ರಿಂಗ್ ಪಟ್ಟಿ ಇದರೊಳಗೂ ಇರುತ್ತದೆ. ನನ್ನ ಪರೀಕ್ಷೆಯಲ್ಲಿ ಮೊದಲ ಸಲ ಪಾಸಾದದ್ದು ಇದು. ಬೀಗ ತೆಗೆದು ಕೈ ಬಿಟ್ಟರೆ ಕೀ ವಾಪಸ್ ನನ್ನ ಹತ್ತಿರ. ಮರೆತು ಬರಲು ಆಗುವುದೇ ಇಲ್ಲ. ತೊಂದರೆ ಅಂದರೆ, ಸುಲಭವಾಗಿ ಸಿಗುವ ಪ್ಲಾಸ್ಟಿಕ್ ರೀಲು ಐಡಿ ಕಾರ್ಡಿನ ಭಾರಕ್ಕೆ ಮಾಡಿದ್ದು. ನನ್ನ ಗೊಂಚಲಿಗೆ ಅದು ಮೊದಲ ದಿನವೇ ಸೋತು ಜೋತುಬಿತ್ತು, ಎಂಟನೇ ದಿನ ದಾರ ಒಳಗೆ ಹೋಗುವುದನ್ನೇ ಬಿಟ್ಟಿತು. ಸ್ಟೀಲ್ ತಂತಿ, ಲೋಹದ ಡಬ್ಬಿ ಇರುವ ದೊಡ್ಡ ರೀಲು ಗಟ್ಟಿ. ಆದರೆ ಅದನ್ನು ಸಿಕ್ಕಿಸಲು ಬೆಲ್ಟು ಬೇಕು. ಬೆಲ್ಟ್ ಹಾಕುವ ಗಂಡಸರು, ಜೀನ್ಸ್ ಹಾಕುವ ಹುಡುಗಿಯರು ಮುಂದೆ ಓದುವುದೇ ಬೇಡ, ಇದನ್ನೇ ತೆಗೆದುಕೊಳ್ಳಿ.

ಐದನೆಯದು ಟ್ರ್ಯಾಕರ್, ಗೊಂಚಲು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಸಾಧನ. ಬೆಂಗಳೂರಿನಲ್ಲಿರುವ ತಮ್ಮ ಹಬ್ಬಕ್ಕೆ ಬಂದವನು ತನ್ನ ಏರ್‌ಟ್ಯಾಗ್ ಬಿಟ್ಟುಹೋದ. "ಅಕ್ಕ, ಇದನ್ನು ಹಾಕಿ ನೋಡು" ಅಂತ. ಆಪಲ್ ಕಂಪನಿ 2021ರಲ್ಲಿ ತಂದದ್ದು, 11 ಗ್ರಾಂ, ಗುಂಡಿಯಂಥ ಬಿಲ್ಲೆ. ಪೋಣಿಸಲು ಒಂದು ತೂತೂ ಇಲ್ಲ! ಅದಕ್ಕೊಂದು ಚೀಲ ಹೊಲಿದೆ. ಅವನು ಊರಿಗೆ ಹೋದ ಮರುದಿನ ನನ್ನ ಫೋನಿನಲ್ಲಿ ಎಚ್ಚರಿಕೆ ಬಂತು, ಯಾವುದೋ ಗುರುತಿಲ್ಲದ ಟ್ರ್ಯಾಕರ್ ನಿಮ್ಮ ಜೊತೆ ಬರುತ್ತಿದೆ ಅಂತ. ಟ್ಯಾಗು ತಾನೇ ಕೂಗಲೂ ಶುರುಮಾಡಿತು. ಯಾರಾದರೂ ಹೆಂಗಸರ ಬ್ಯಾಗಿಗೆ ಕದ್ದು ಹಾಕಿ ಹಿಂಬಾಲಿಸಬಾರದು ಅಂತ ಮಾಡಿದ ವ್ಯವಸ್ಥೆ ಅದು. ಒಳ್ಳೆಯದೇ. ಆದರೆ ಟ್ಯಾಗಿನವರು ತಮ್ಮ ಫೋನಿನಿಂದ ನಮ್ಮ ಜೊತೆ ಹಂಚಿಕೊಳ್ಳದಿದ್ದರೆ ಅದನ್ನು ನಾವು ಬಳಸಲು ಆಗುವುದಿಲ್ಲ, ಆಪಲ್‌ನದಕ್ಕೆ ಐಫೋನೇ ಬೇಕು. ಆಂಡ್ರಾಯ್ಡ್ ಫೋನಿಗೆ ಹೊಂದುವ ಟ್ಯಾಗುಗಳು ಬೇರೆ ಇವೆ. ಇನ್ನೊಂದು ಮಾತು. ಇದರೊಳಗಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಟ್ಟುಹೋಗಬಹುದು. ನನ್ನ ಅಂಗಡಿಗೆ ಅಮ್ಮಂದಿರ ಜೊತೆ ಮಕ್ಕಳು ಬರುತ್ತಲೇ ಇರುತ್ತಾರೆ, ಹಾಗಾಗಿ ವಾಪಸ್ ಕಳಿಸಿಬಿಟ್ಟೆ. ಏನೇ ಆದರೂ ಟ್ರ್ಯಾಕರ್ ಕಳೆದದ್ದನ್ನು ಹುಡುಕಿಕೊಡುತ್ತದೆ, ಕಳೆಯದಂತೆ ಹಿಡಿದಿಡುವುದಿಲ್ಲ.

ಆರನೆಯದು ನಾನೇ ಹೊಲಿದ ಸಂಚಿ. ಈಗ ದಿನವೂ ಬಳಸುತ್ತಿರುವುದು ಇದನ್ನೇ.

ಮೊದಲು ಸುಲಭದ ದಾರಿ ಹಿಡಿದು ಟಾಪಿನ ಪಕ್ಕದ ಹೊಲಿಗೆಯಲ್ಲಿ ಜೇಬು ಇಟ್ಟೆ. ಕೀ ಹಾಕಿದ ಕೂಡಲೇ ಟಾಪು ಒಂದು ಕಡೆಗೆ ವಾಲಿ ಕತ್ತು ಸೊಟ್ಟ ಆಯಿತು. ಆಮೇಲೆ ಪ್ಯಾಂಟಿನ ಲಾಡಿಗೆ ಕಟ್ಟಿದೆ, ಪ್ಯಾಂಟೇ ಜಾರತೊಡಗಿತು. ಭಾರಕ್ಕೆ ಅದರದ್ದೇ ಪಟ್ಟಿ ಬೇಕು. ಹಳೇ ಎಲೆಅಡಿಕೆ ಸಂಚಿಗಳಲ್ಲಿ ಖಾನೆ ಖಾನೆ ಇರುತ್ತಿತ್ತಲ್ಲ, ಅದೇ ಲೆಕ್ಕದಲ್ಲಿ ಎರಡು ಖಾನೆ ಮಾಡಿ, ಒಂದು ಇಂಚಿನ ನಾಡಾಕ್ಕೆ ಹೊಲಿದು, ಟಾಪಿನ ಒಳಗೆ ಸೊಂಟಕ್ಕೆ ಕಟ್ಟಿಕೊಂಡೆ. ಟಾಪಿನ ಪಕ್ಕದಲ್ಲಿ ಹೇಗೂ ಓಪನ್ ಇರುತ್ತದೆ, ಅಲ್ಲಿಂದ ಕೈ ಹೋಗುತ್ತದೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಹೆಂಗಸರೂ ಹೀಗೇ ಲಂಗದ ಒಳಗೆ ಜೇಬು ಕಟ್ಟಿಕೊಂಡು, ಲಂಗದ ಪಕ್ಕದ ಸೀಳಿನಿಂದ ಕೈ ಹಾಕುತ್ತಿದ್ದರಂತೆ. ಅದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

ಬಟ್ಟೆ ಹಳೇ ಜೀನ್ಸಿನದು. ಪಾಪ್ಲಿನ್ನಿನಲ್ಲಿ ಮಾಡಿದ ಮೊದಲನೆಯದಕ್ಕೆ ಮೂರು ವಾರದಲ್ಲಿ ಕೀ ತುದಿ ತೂತು ಮಾಡಿತ್ತು. ಸೂಜಿ 16ನೇ ನಂಬರು ಹಾಕಿ, ಬ್ಲೌಸಿನ ಸೂಜಿ ಮುರಿಯುತ್ತದೆ. ಸಂಚಿಯ ಒಳಮೂಲೆಗೆ 18 ಇಂಚಿನ ನೈಲಾನ್ ಹುರಿ ಹೊಲಿದು, ಅದರ ತುದಿಗೆ ತಿರುಗುವ ಹುಕ್ಕು, ಹುಕ್ಕಿಗೆ ಗೊಂಚಲು. ಹುರಿ ಸೇರುವ ಕಡೆ ಸುಮ್ನೆ ಒಂದು ಗೀಟು ಹೊಲಿದರೆ ಸಾಲದು. ಸ್ಕೂಲ್ ಬ್ಯಾಗಿನ ಪಟ್ಟಿಗೆ ಹೊಲಿಯುವ ಹಾಗೆ ಚೌಕ ಹಾಕಿ ಒಳಗೆ ಅಡ್ಡಡ್ಡ ಎರಡು ಗೀಟು ಎಳೆದೆ. ಶಟರಿನ ಬೀಗ ನೆಲದ ಹತ್ತಿರ, ಕುಕ್ಕರುಗಾಲಲ್ಲಿ ಕೂತರೆ ಹುರಿ ಸರಿಯಾಗಿ ಮುಟ್ಟುತ್ತದೆ. ಮನೆ ಬಾಗಿಲಿಗೆ ನಿಂತೇ ಸಾಕು. ನಮ್ಮ ಅಜ್ಜ ಉಡಿದಾರಕ್ಕೆ ಪೆಟ್ಟಿಗೆ ಕೀ ಕಟ್ಟಿಕೊಂಡಿದ್ದರು. ಯಾವತ್ತೂ ಬಿಚ್ಚುತ್ತಿರಲಿಲ್ಲ. ಪೆಟ್ಟಿಗೆಗೆ ಹೊಟ್ಟೆ ತಾಗುವಷ್ಟು ಹತ್ತಿರ ಕೂತು, ಸೊಂಟ ಮುಂದೆ ಮಾಡಿ ಬೀಗ ತೆಗೆಯುತ್ತಿದ್ದರು. ಚಿಕ್ಕವಳಿದ್ದಾಗ ನಗುತ್ತಿದ್ದೆ. ಅಜ್ಜನ ಕೀ ಕೊನೆವರೆಗೂ ಕಳೆಯಲಿಲ್ಲ.

ಇನ್ನೊಂದು ಖಾನೆ ಸಾಮಾನಿಗೆ, ಬಾಯಿಗೆ ಜಿಪ್ಪು. ರಿಪ್ಪರಿನ ಪ್ಲಾಸ್ಟಿಕ್ ಮುಚ್ಚಳ ಒಮ್ಮೆ ಕಳಚಿ ತೊಡೆಗೆ ಚುಚ್ಚಿತು. ಆಮೇಲೆ ರಿಪ್ಪರಿಗೂ ಕತ್ತರಿಗೂ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದೇನೆ, ಅಲುಗಾಡುವುದಿಲ್ಲ. ಪಿನ್ನು ಮಾತ್ರ ಸಂಚಿಗೆ ಹೋಗಿಲ್ಲ. ಅಮ್ಮನ ಹಾಗೆ ನನ್ನ ತಾಳಿ ಸರದಲ್ಲೂ ಎರಡು ಪಿನ್ನು ಸದಾ ಇರುತ್ತವೆ, ಅದಕ್ಕಿಂತ ಒಳ್ಳೆಯ ಜಾಗ ಯಾವುದೂ ಇಲ್ಲ. ಅಜ್ಜಿಯ ಗೊಂಚಲಿನ ನೆನಪಿಗೆ ಹುಕ್ಕಿನ ಪಕ್ಕ ಒಂದೇ ಒಂದು ಗೆಜ್ಜೆ ಪೋಣಿಸಿದ್ದೇನೆ. ಗೊಂಚಲಿನ ಬಿಲ್ಲೆಯ ಮೇಲೆ ಫೋನ್ ನಂಬರ್ ಮಾತ್ರ ಇದೆ. ವಿಳಾಸ ಬರೆಯಬೇಡಿ, ಸಿಕ್ಕವನಿಗೆ ಮನೆ ತೋರಿಸಿಕೊಟ್ಟ ಹಾಗಾಗುತ್ತದೆ.

ಕೊರತೆಯೂ ಇದೆ. ಬೇಸಿಗೆಯಲ್ಲಿ ನಾಡಾದ ಕೆಳಗೆ ಬೆವರುತ್ತದೆ. ಮಳೆಗಾಲದಲ್ಲಿ ಜೀನ್ಸ್ ಒಣಗಲು ಎರಡು ದಿನ ಬೇಕು, ಅದಕ್ಕೇ ಎರಡು ಹೊಲಿದುಕೊಂಡೆ. ತೀರಾ ಬಿಗಿ ಟಾಪು ಹಾಕಿದರೆ ಉಬ್ಬಿ ಕಾಣುತ್ತದೆ.

ಹೊಲಿಯುವವರಿಗೆ ಅಳತೆ: ಹೊಲಿದಾದ ಮೇಲೆ ಉದ್ದ 8 ಇಂಚು, ಅಗಲ 6 ಇಂಚು, ಬಾಯಿ ಓರೆಯಾಗಿ ಐದೂವರೆ. ಬಾಯಿ ಇದಕ್ಕಿಂತ ಸಣ್ಣದಾದರೆ ಕೈ ಸಿಕ್ಕಿಕೊಳ್ಳುತ್ತದೆ.

ಮೊನ್ನೆ ಸೊಪ್ಪು ಕೊಳ್ಳುವಾಗ ಸೊಪ್ಪಿನ ಅಕ್ಕ ಇದನ್ನು ನೋಡಿ ತನಗೂ ಒಂದು ಬೇಕು ಅಂದಳು. ದುಡ್ಡನ್ನು ಅವಳು ಗೋಣಿಚೀಲದ ಅಡಿಯಲ್ಲಿ ಇಡುತ್ತಾಳೆ. ಅವಳದು ಸೀರೆ, ಹಾಗಾಗಿ ಓಪನ್ ಇಲ್ಲ, ಸಂಚಿ ಹೊರಗಿಂದಲೇ ಮಡಿಲಿಗೆ ಬರುವ ಹಾಗೆ ಕಟ್ಟಬೇಕು. ನೋಟಿಗೆ ಒಂದು ಖಾನೆ, ಚಿಲ್ಲರೆಗೆ ಒಂದು. ಚಿಲ್ಲರೆಯ ಖಾನೆಗೆ ಎರಡು ಪದರ ಬಟ್ಟೆ ಹಾಕುತ್ತೇನೆ. ನಾಳೆ ಹೋಗಿ ಅಳತೆ ತರಬೇಕು.