ಜೈಪುರದ ಬೆಳ್ಳಿ, ಬಣ್ಣದ ಕಲ್ಲು: ಹಳತಾದ ಮೇಲೆ ಹೇಗಿವೆ?

ಜೈಪುರದ ಒಂದು ಸಣ್ಣ ವರ್ಕ್‌ಶಾಪ್‌ನಿಂದ ಆನ್‌ಲೈನಿನಲ್ಲಿ ತರಿಸಿಕೊಂಡ ಬೆಳ್ಳಿ ಒಡವೆಗಳನ್ನು ನಾಲ್ಕೈದು ವರ್ಷದಿಂದ ಹಾಕಿಕೊಳ್ಳುತ್ತಿದ್ದೇನೆ. ಮೂನ್‌ಸ್ಟೋನ್ ಮತ್ತು ಗಾರ್ನೆಟ್ ಉಂಗುರ, ಅಮೆಥಿಸ್ಟ್ ಓಲೆ, ಲ್ಯಾಬ್ರಡೊರೈಟ್ ಮತ್ತು ಟರ್ಕಾಯಿಸ್ ಪದಕ. ಎಲ್ಲವೂ ಕೈಕೆಲಸ. ಆಫೀಸಿಗೂ ಇವೇ, ಮದುವೆಮನೆಗೂ ಇವೇ. ಡಬ್ಬಿ ತೆರೆದ ದಿನ ಯಾವ ಒಡವೆಯಾದರೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ಪ್ರತಿ ಡಬ್ಬಿಯಲ್ಲೂ ಕಲ್ಲಿನ ಗುಣ ಹೇಳುವ ಒಂದು ಚೀಟಿ ಇರುತ್ತದೆ. ಮೂನ್‌ಸ್ಟೋನ್ ಮನಸ್ಸಿಗೆ ತಂಪು, ಗಾರ್ನೆಟ್ ಧೈರ್ಯಕ್ಕೆ, ಅಮೆಥಿಸ್ಟ್ ಒಳ್ಳೆ ನಿದ್ದೆಗೆ. ನನಗಂತೂ ಅಮೆಥಿಸ್ಟ್ ಹಾಕಿದ ದಿನವೂ ಪಕ್ಕದ ಬೀದಿಯ ನಾಯಿ ಬೊಗಳಿದರೆ ಎಚ್ಚರವಾಗುತ್ತದೆ. ನಂಬುವವರ ಜತೆ ನನಗೆ ಜಗಳವಿಲ್ಲ. ಆದರೆ ಆ ಚೀಟಿಯಲ್ಲಿ ಇರಬೇಕಾಗಿದ್ದ ಗುಣಗಳೇ ಬೇರೆ. ಕಲ್ಲು ಎಷ್ಟು ಗಟ್ಟಿ? ಎಣ್ಣೆ, ನೀರು ಹೀರುತ್ತಾ? ಬಿಸಿಲಿಗೆ ಬಣ್ಣ ಬಿಡುತ್ತಾ?

ಗಟ್ಟಿತನವನ್ನು ಮೋಸ್ ಮಾಪಕದಲ್ಲಿ 1ರಿಂದ 10ರವರೆಗೆ ಅಳೆಯುತ್ತಾರೆ. ವಜ್ರ 10. ನಾವು ನೆನಪಿಡಬೇಕಾದ್ದು ಮಾತ್ರ 7. ರಸ್ತೆ ಧೂಳಿನಲ್ಲಿ ಸ್ಫಟಿಕದ (ಕ್ವಾರ್ಟ್ಜ್) ಪುಡಿ ಇರುತ್ತದೆ, ಅದರ ಗಟ್ಟಿತನ 7. ಅದಕ್ಕಿಂತ ಮೆತ್ತಗಿನ ಕಲ್ಲಿಗೆ ಧೂಳೇ ಶತ್ರು. ಮೂನ್‌ಸ್ಟೋನ್ 6ರಿಂದ 6.5. ಬೆಂಗಳೂರಿನ ಧೂಳಲ್ಲಿ ಸ್ಕೂಟರ್ ಓಡಿಸಿ ಬಂದು ಉಂಗುರವನ್ನು ದುಪ್ಪಟ್ಟಾದಿಂದ ಒರೆಸಿದರೆ ಮರಳುಕಾಗದ ಉಜ್ಜಿದ ಹಾಗೆಯೇ. ನನ್ನ ಮೂನ್‌ಸ್ಟೋನ್ ಮೇಲೆ ಈಗ ಸಣ್ಣ ಗೀರುಗಳ ಜಾಲವೇ ಇದೆ. ಒಳಗಿನ ನೀಲಿ ಹೊಳಪು ಮಾತ್ರ ಹಾಗೇ ಉಳಿದಿದೆ. ಆ ಹೊಳಪು ಹುಟ್ಟೋದು ಕಲ್ಲಿನೊಳಗಿನ ತೆಳ್ಳನೆ ಪದರಗಳಲ್ಲಿ ಬೆಳಕು ಚದುರುವುದರಿಂದ, ಮೇಲ್ಮೈಯಿಂದಲ್ಲ. ಅಂದಹಾಗೆ, ಅಂಗಡಿಗಳಲ್ಲಿ ‘ರೇನ್‌ಬೋ ಮೂನ್‌ಸ್ಟೋನ್’ ಅಂತ ಮಾರುವುದು ನಿಜವಾಗಿ ಬಿಳಿ ಲ್ಯಾಬ್ರಡೊರೈಟ್. ಅದೂ ಚೆಂದವೇ, ಆದರೆ ಗೊತ್ತಿದ್ದು ಕೊಳ್ಳುವುದು ಒಳ್ಳೆಯದಲ್ವಾ? ಎರಡಕ್ಕೂ ಒಂದೇ ದೌರ್ಬಲ್ಯ: ಸರಿಯಾದ ಕೋನದಲ್ಲಿ ಏಟು ಬಿದ್ದರೆ ಸೀಳಿಕೊಳ್ಳುತ್ತವೆ. ನನ್ನ ಲ್ಯಾಬ್ರಡೊರೈಟ್ ಕೊರಳಲ್ಲಿ ಇರುವುದರಿಂದ ಹೊಸದರಂತೆಯೇ ಇದೆ.

ಗಾರ್ನೆಟ್ ಗಟ್ಟಿ ಆಸಾಮಿ. ನಮ್ಮ ನವರತ್ನದ ಗೋಮೇಧಿಕವೂ ಇದೇ ಕುಟುಂಬದ್ದು. ಇದಕ್ಕೆ ಹಾಗೆ ಸೀಳುವ ಗುಣ ಇಲ್ಲ. ಪಾತ್ರೆ ತೊಳೆದರೂ, ಬಸ್ಸಿನ ಕಂಬಿ ಹಿಡಿದರೂ ಏನೂ ಆಗಿಲ್ಲ. ತೊಂದರೆ ಕೊಟ್ಟಿದ್ದು ಕಲ್ಲಲ್ಲ, ಅದನ್ನು ಹಿಡಿದ ಬೆಳ್ಳಿಯ ಕೊಕ್ಕೆಗಳು. ಸೀರೆಯ ನೂಲು ಸಿಕ್ಕಿ ಸಿಕ್ಕಿ ಒಂದು ಕೊಕ್ಕೆ ಎದ್ದಿತು, ಕಲ್ಲು ಅಲುಗಾಡತೊಡಗಿತು. ವರ್ಕ್‌ಶಾಪಿನವರು ರಿಪೇರಿಗೆ ಹಣ ಕೇಳಲಿಲ್ಲ. ಆದರೆ ಎರಡೂ ಕಡೆಯ ಕೊರಿಯರ್ ಖರ್ಚು ನನ್ನದೇ, ಕಾಯಿಸಿದ್ದೂ ಜಾಸ್ತಿ. ಸುತ್ತ ಬೆಳ್ಳಿ ಅಂಚು ಕಟ್ಟಿ ಕೂರಿಸಿದ ಕಲ್ಲುಗಳಿಗೆ ಈ ಗೋಳಿಲ್ಲ. ಉಂಗುರಕ್ಕೆ ಅಂಥದ್ದೇ ಆರಿಸಿ.

ಟರ್ಕಾಯಿಸ್ ನನಗೆ ಅತಿ ಇಷ್ಟವಾದದ್ದು, ಅತಿ ಬೇಸರ ತಂದದ್ದೂ ಅದೇ. ಇದು ತಾಮ್ರ, ಅಲ್ಯೂಮಿನಿಯಂ ಸೇರಿದ ಫಾಸ್ಫೇಟ್, ಸಣ್ಣ ಸಣ್ಣ ರಂಧ್ರಗಳ ಕಲ್ಲು. ತಲೆಯ ಕೊಬ್ಬರಿ ಎಣ್ಣೆ, ಸೆಂಟು, ಸನ್‌ಸ್ಕ್ರೀನ್ ಎಲ್ಲವನ್ನೂ ಹೀರುತ್ತದೆ. ಈಗ ಒಂದು ಅಂಚು ಆಕಾಶನೀಲಿ ಹೋಗಿ ಹಸಿರಾಗಿದೆ. ಮಾರುವಾಗ ‘ನ್ಯಾಚುರಲ್’ ಅಂತ ಮಾತ್ರ ಹಾಕಿದ್ದರು. ರಾಳ ತುಂಬಿ ಗಟ್ಟಿ ಮಾಡಿದ್ದಾರಾ ಅಂತ ಕೇಳಿದ ಮೇಲೆ ಹೌದು ಅಂದರು. ರಾಳ ತುಂಬುವುದು ಈ ಕಲ್ಲಿಗೆ ಮಾಮೂಲಿ ಕೆಲಸ, ತಪ್ಪೇನಲ್ಲ. ಕೇಳುವ ಮೊದಲೇ ಹೇಳಬೇಕಿತ್ತು, ಅಷ್ಟೇ.

ಅಮೆಥಿಸ್ಟ್ ಬಗ್ಗೆ ದೂರಿಲ್ಲ. ಗಟ್ಟಿತನ 7, ಕಿವಿಯಲ್ಲಿ ಸುರಕ್ಷಿತ. ವರ್ಷಗಟ್ಟಲೆ ಜೋರು ಬಿಸಿಲಿಗೆ ಇಟ್ಟರೆ ನೇರಳೆ ಮಾಸುತ್ತದೆ. ಹಾಗಾಗಿ ಕಿಟಕಿ ಪಕ್ಕದ ಸ್ಟ್ಯಾಂಡಿಗೆ ನೇತುಹಾಕುವುದಿಲ್ಲ.

ಇನ್ನು ಬೆಳ್ಳಿ. 925 ಅಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ತೀರಾ ಮೆತ್ತಗೆ, ಕಲ್ಲನ್ನು ಬಿಗಿಯಾಗಿ ಹಿಡಿಯಲ್ಲ. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿಯೇ ಇಲ್ಲ, ಇರೋದು ತಾಮ್ರ, ನಿಕಲ್, ಸತು. ನಿಕಲ್‌ಗೆ ನನ್ನ ಕಿವಿ ತುರಿಸುತ್ತದೆ, 925ಕ್ಕೆ ಇಲ್ಲ. ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅನಿಲಗಳಿಂದ. ಮಳೆಗಾಲದ ತೇವದಲ್ಲಿ ಅದು ಇನ್ನೂ ಬೇಗ. ಗಾಳಿಯಾಡದ ಕವರಿನಲ್ಲಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಗಾರ್ನೆಟ್ ಉಂಗುರಕ್ಕೆ ಅಂಟುವಾಳದ ನೀರು, ಮೆತ್ತನೆ ಬ್ರಷ್ ಸಾಕು. ಟರ್ಕಾಯಿಸ್‌ಗೆ ಒಣಬಟ್ಟೆ ಮಾತ್ರ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಬರೀ ಬೆಳ್ಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಲ್ಲಿನ ಒಡವೆಯನ್ನು ಅದರಲ್ಲಿ ಮುಳುಗಿಸಬೇಡಿ. ಆಕ್ಸಿಡೈಸ್ಡ್ ಕೆತ್ತನೆಯಲ್ಲಿ ಬೇಕಂತಲೇ ತುಂಬಿದ ಕಪ್ಪನ್ನೂ ಅದು ತೊಳೆದುಹಾಕುತ್ತದೆ. ಆಮೇಲೆ ಹೂಬಳ್ಳಿ ಎಲ್ಲಿದೆ ಅಂತ ಹುಡುಕಬೇಕು.

ಒಟ್ಟಿನಲ್ಲಿ ಕೆಲಸಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ, ಮಾಹಿತಿಗೆ ಎರಡು. ಮುಂದೆ ಇಥಿಯೋಪಿಯಾದ ಓಪಲ್ ಉಂಗುರ ತರಿಸುವ ಆಸೆಯಿತ್ತು. ಆದರೆ ಅಲ್ಲಿನ ಎಷ್ಟೋ ಓಪಲ್‌ಗಳು ನೀರು ಹೀರಿ, ಒಣಗುವವರೆಗೂ ಒಳಗೆ ಮಿನುಗುವ ಬಣ್ಣಗಳ ಆಟ ಕಳೆದುಕೊಳ್ಳುತ್ತವೆ. ನಾನು ಪಾತ್ರೆ ತೊಳೆಯುವಾಗ ಉಂಗುರ ತೆಗೆಯುವವಳಲ್ಲ. ಹಾಗಾಗಿ ಇನ್ನೊಂದು ಗಾರ್ನೆಟ್‌ಗೇ ಆರ್ಡರ್ ಹಾಕಿದ್ದೇನೆ, ಈ ಸಲ ಅಂಚು ಕಟ್ಟಿದ್ದು.