ರೇಡಿಯೇಷನ್ ತಡೆಯುವ ಪುಡಿ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ

ಬರೆಯಬೇಕೋ ಬೇಡವೋ ಅಂತ ಹದಿನೈದು ದಿನ ಯೋಚಿಸಿದೆ. ನಾಚಿಕೆಯಾಗುತ್ತದೆ. ಐವತ್ತು ದಾಟಿದವನು ನಾನು, ಡಿಗ್ರಿ ಓದಿದವನು. ಕಾಫಿ ವ್ಯಾಪಾರಿಯ ಹತ್ತಿರ ಔಟ್‌ಟರ್ನ್ (ಒಣ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ) ಲೆಕ್ಕದಲ್ಲಿ ಅರ್ಧ ಪಾಯಿಂಟ್ ಬಿಡದೆ ಜಗಳ ಮಾಡುತ್ತೇನೆ. ಅಂಥವನು 14,400 ರೂಪಾಯಿ ಕೊಟ್ಟು ಒಂದಷ್ಟು ಹಸಿರು ಪುಡಿ, ಸಮುದ್ರದ ಪಾಚಿಯ ಕ್ಯಾಪ್ಸೂಲ್, ಮೂರು ಡಬ್ಬಿ ಜೇಡಿಮಣ್ಣು ಮನೆಗೆ ತಂದೆ. ಹೌದು, ಮಣ್ಣು. ನಾಲ್ಕು ಎಕರೆ ತೋಟ ಇಟ್ಟುಕೊಂಡವನು ದುಡ್ಡು ಕೊಟ್ಟು ಮಣ್ಣು ತಂದೆ.

ದುಡ್ಡು ಮಾತ್ರ ಹೋಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಅವ್ವನ ಆರೋಗ್ಯ ಕೆಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

2025ರ ಮೇ ತಿಂಗಳು ಹೇಗಿತ್ತು ಅಂತ ನಿಮಗೆ ನೆನಪಿದೆ ಅಲ್ವಾ? ಆಪರೇಷನ್ ಸಿಂಧೂರ, ಮೇ 7ರ ಅಣಕು ಕವಾಯತು, ಟಿವಿಯಲ್ಲಿ ರಾತ್ರಿಯೆಲ್ಲ ಕೂಗಾಟ. ನಮ್ಮ ಸೋಮವಾರಪೇಟೆ ಕಡೆ ಎರಡು ಮನೆಗೆ ಒಬ್ಬರಾದರೂ ಮಿಲಿಟರಿಯಲ್ಲಿ ಇದ್ದವರೋ ಇರುವವರೋ ಸಿಗುತ್ತಾರೆ. ಹಾಗಾಗಿ ಎಲ್ಲರಿಗೂ ಎದೆಯಲ್ಲಿ ಡವಡವ. ಮೇ 10ಕ್ಕೆ ಕದನವಿರಾಮ ಆಯಿತು, ಉಸಿರು ಬಿಟ್ಟೆವು ಅನ್ನುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಹೊಸದು ಶುರುವಾಯಿತು. ಪಾಕಿಸ್ತಾನದ ಕಿರಾನಾ ಬೆಟ್ಟದಲ್ಲಿ ಅಣು ಸೋರಿಕೆ ಆಗಿದೆಯಂತೆ, ಗಾಳಿಯಲ್ಲಿ ಬರುತ್ತಿದೆಯಂತೆ, ಮಳೆಯ ಜೊತೆ ಕೆಳಗೆ ಇಳಿಯುತ್ತದಂತೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರೇ ಪಾಕಿಸ್ತಾನದ ಯಾವ ಅಣು ಘಟಕದಲ್ಲೂ ಸೋರಿಕೆ ಆಗಿಲ್ಲ ಅಂದಿದ್ದರು. ಅದನ್ನು ನನಗೆ ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ.

ಆಗಲೇ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಭಾನುವಾರ ಕುಶಾಲನಗರದಲ್ಲಿ ಒಂದು ಪ್ರೋಗ್ರಾಂ ಇದೆ. ಆರೋಗ್ಯದ ಬಗ್ಗೆ. ಸುಮ್ನೆ ಬಂದು ಕೂತು ಕೇಳು, ಊಟನೂ ಇದೆ" ಅಂದ. ಹೋದೆ. ಆ ವರ್ಷ ಕಾಫಿಗೆ ಒಳ್ಳೆ ರೇಟು ಸಿಕ್ಕಿತ್ತು, ಕೈಯಲ್ಲಿ ಕಾಸು ಓಡಾಡುತ್ತಿತ್ತು. ಅದು ಅವರಿಗೂ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಮಾತಾಡಿದವನು ಸುಮಾರು ನಲವತ್ತರ ಆಸಾಮಿ. ಇಸ್ತ್ರಿ ಅಂಗಿ, ಲ್ಯಾಪ್‌ಟಾಪ್, ಮೆತ್ತನೆ ದನಿ. ಕೂಗಾಟ ಇಲ್ಲ, ಒತ್ತಾಯ ಇಲ್ಲ. 1986ರ ಏಪ್ರಿಲ್ 26ಕ್ಕೆ ಚೆರ್ನೊಬಿಲ್ ಸ್ಫೋಟ ಆಯಿತು ಅಂದ. ಪೋಲೆಂಡ್ ಸರ್ಕಾರ ಒಂದು ಕೋಟಿಗೂ ಜಾಸ್ತಿ ಮಕ್ಕಳಿಗೆ ಅಯೋಡಿನ್ ಕುಡಿಸಿತು ಅಂದ. ಮಳೆ ಬಿದ್ದ ಕಡೆಯೇ ವಿಷ ಜಾಸ್ತಿ ಇಳಿಯಿತು, ಅಷ್ಟು ದೂರದ ಬ್ರಿಟನ್ನಿನ ಗುಡ್ಡಗಳಲ್ಲಿ ಕುರಿ ಮಾರಾಟಕ್ಕೆ ಹಾಕಿದ ನಿರ್ಬಂಧ 2012ರವರೆಗೂ ಇತ್ತು ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡಗಿನಲ್ಲಿ ಮಳೆ ಎಷ್ಟು ಬೀಳುತ್ತೆ ಅಂತ ನಾನು ನಿಮಗೆ ಹೇಳಬೇಕಾ ಸಾರ್? ನೀವು ಕುಡಿಯೋದು ಬಾವಿ ನೀರು ಅಲ್ವಾ?" ಅಂತ ಕೇಳಿದ.

ಹಾಲ್‌ನಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. 2018ರ ಆಗಸ್ಟ್‌ನ ಪ್ರವಾಹ, ಗುಡ್ಡ ಕುಸಿತ ನೋಡಿದವರು ನಾವು. ಮಳೆ ಏನು ಮಾಡುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಅವನು ಅದೇ ಜಾಗಕ್ಕೆ ಕೈ ಹಾಕಿದ.

ಮನೆಗೆ ಬಂದು ಎಷ್ಟೋ ದಿನದ ಮೇಲೆ ಹುಡುಕಿ ನೋಡಿದೆ. ಚೆರ್ನೊಬಿಲ್ ಬಗ್ಗೆ ಹೇಳಿದ್ದು ಅಷ್ಟೂ ನಿಜ. ಅದೇ ಅವರ ಜಾಣತನ ನೋಡಿ. ಹತ್ತು ನಿಜ ಹೇಳಿ ಹನ್ನೊಂದನೆಯದಾಗಿ ಡಬ್ಬಿ ಮುಂದಿಡುತ್ತಾರೆ. ಪೋಲೆಂಡಿನಲ್ಲಿ ಮಕ್ಕಳಿಗೆ ಕುಡಿಸಿದ್ದು ಅಳತೆ ಮಾಡಿದ ಅಯೋಡಿನ್ ದ್ರಾವಣ, ಪಾಚಿ ಅಲ್ಲ. ಇನ್ನು ಕಿರಾನಾ ಬೆಟ್ಟ ಇರುವುದು ನಮ್ಮಿಂದ 2,000 ಕಿಲೋಮೀಟರ್‌ಗೂ ಆಚೆ, ಉತ್ತರಕ್ಕೆ. ನಮ್ಮ ಮುಂಗಾರು ಗಾಳಿ ಬೀಸುವುದು ನೈರುತ್ಯದಿಂದ, ಅರಬ್ಬಿ ಸಮುದ್ರದ ಕಡೆಯಿಂದ. ಹುಟ್ಟಿದಾಗಿನಿಂದ ಆ ಗಾಳಿಗೆ ಮುಖ ಕೊಟ್ಟವನು ನಾನು. ಅವತ್ತು ಒಂದು ಸಲವಾದರೂ ದಿಕ್ಕು ಯೋಚಿಸಿದೆನಾ? ಇಲ್ಲ.

ಆಮೇಲೆ ಮೀಟರ್ ತೆಗೆದ. ಅಂಗೈಯಷ್ಟು ಅಗಲದ ಯಂತ್ರ. ನನ್ನ ಫೋನ್ ಕೇಳಿ ಪಡೆದು ಅದರ ಪಕ್ಕ ಹಿಡಿದ. ಕುಂಯ್ ಅಂತ ಕೂಗಿ ಕೆಂಪು ದೀಪ ಹತ್ತಿತು. ಫೋನಿನ ಮೇಲೆ ಅವರ ಪುಡಿಯ ಪೊಟ್ಟಣ ಇಟ್ಟ, ಮತ್ತೆ ಮೀಟರ್ ಹಿಡಿದ. ಹಸಿರು. ಎಲ್ಲರೂ "ಓ" ಅಂದರು. ನಾನೂ ಅಂದೆ. ಈಗ ಆ "ಓ" ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಆ ಮೀಟರ್ ಅಳೆಯುವುದು ಕರೆಂಟು, ಫೋನು, ಮಿಕ್ಸಿ ಸುತ್ತ ಇರುವ ವಿದ್ಯುತ್ಕಾಂತ ಅಲೆಗಳನ್ನು. ಅಣು ವಿಕಿರಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎರಡನೇ ಸಲ ಅವನು ಮೀಟರನ್ನು ಒಂದು ಗೇಣು ಮೇಲೆ ಹಿಡಿದಿದ್ದ, ಅಷ್ಟೇ ಮ್ಯಾಜಿಕ್. ಇದನ್ನು ಹೇಳಿಕೊಟ್ಟವಳು ಬಿಎಸ್ಸಿ ಓದುತ್ತಿರುವ ನನ್ನ ಮಗಳು. ಮೂರು ತಿಂಗಳು ತಡವಾಗಿ.

ಒಂದು ಕಿಟ್‌ಗೆ 4,800. ಮೂರು ತೆಗೆದುಕೊಂಡೆ. ಒಂದು ಅವ್ವನಿಗೆ, ಒಂದು ನಮಗೆ, ಇನ್ನೊಂದು ಪಕ್ಕದ ಮನೆಯ ಸುಬೇದಾರ್ ಮಾವನ ಹೆಂಡತಿಗೆ. ಅತ್ತೆಗೆ ನಾನೇ ಹೇಳಿ ಒಪ್ಪಿಸಿದ್ದು, ದುಡ್ಡೂ ಇಸಕೊಂಡೆ. ಇದನ್ನು ಬರೆಯುವಾಗಲೇ ಕೈ ಹಿಂದೆ ಹೋಗುತ್ತದೆ. ಸುಬೇದಾರ್ ಮಾವ ಸೈನ್ಯದಲ್ಲಿ ಅಣು ದಾಳಿ ಆದರೆ ಏನು ಮಾಡಬೇಕು ಅನ್ನುವ ತರಬೇತಿ ತೆಗೆದುಕೊಂಡವರು. ಹತ್ತು ಹೆಜ್ಜೆ ದೂರದಲ್ಲಿ ಇದ್ದಾರೆ. ಅವರನ್ನು ಒಂದು ಮಾತು ಕೇಳಲಿಲ್ಲ ನಾನು.

ಅವ್ವನಿಗೆ ಎಪ್ಪತ್ತಾರು. ಹನ್ನೆರಡು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ಅದನ್ನು ಅವನಿಗೆ ಸ್ಪಷ್ಟವಾಗಿ ಹೇಳಿದ್ದೆ. "ಥೈರಾಯ್ಡ್ ಇದೆಯಾ? ಹಾಗಾದ್ರೆ ಅಮ್ಮನಿಗೆ ಇದು ಇನ್ನೂ ಒಳ್ಳೇದು ಸಾರ್. ಪಾಚಿ ಕ್ಯಾಪ್ಸೂಲ್ ದಿನಕ್ಕೆ ಮೂರು ಕೊಡಿ. ಜೇಡಿಮಣ್ಣು ಖಾಲಿ ಹೊಟ್ಟೆಗೆ ಒಂದು ಚಮಚ ನೀರಲ್ಲಿ ಕಲಸಿ ಕೊಡಿ. ಒಳಗಿರೋ ವಿಷ ಎಲ್ಲ ಹೀರುತ್ತೆ" ಅಂದ. ಅವ್ವ ಮೊದಲ ದಿನವೇ ಮುಖ ಕಿವುಚಿ, "ಏನ್ ಮಗಾ ಇದು, ಒಲೆ ಸಾರಿಸೋ ಮಣ್ಣಿನ ವಾಸನೆ" ಅಂದಳು. ನಾನು ಗದರಿಸಿ ಕುಡಿಸಿದೆ.

ಜೂನ್, ಜುಲೈ ಕಳೆಯಿತು. ಅವ್ವನಿಗೆ ಸುಸ್ತು. ಮುಖ ಊದಿಕೊಂಡ ಹಾಗೆ. ಒಲೆಯ ಮುಂದೆ ಕೂತರೂ ಚಳಿ ಚಳಿ ಅನ್ನುತ್ತಿದ್ದಳು. ಮಳೆಗಾಲ, ಥಂಡಿ, ವಯಸ್ಸು ಅಂದುಕೊಂಡೆವು. ಆಗಸ್ಟ್‌ನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಮೂರರ ಹತ್ತಿರ ಇರುತ್ತಿದ್ದ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಕುಗ್ಗಿದರೆ ಏರುವ ಹಾರ್ಮೋನು) 28ಕ್ಕೆ ಹೋಗಿತ್ತು. ಡಾಕ್ಟರು ಮಾತ್ರೆ ತಪ್ಪಿಸಿದ್ರಾ ಅಂತ ಕೇಳಿದರು. ಇಲ್ಲ ಅಂದೆ. ಬೇರೇನಾದರೂ ಕೊಡುತ್ತಿದ್ದೀರಾ ಅಂದರು. ನಾನು ನೆಲ ನೋಡಿದೆ. ಅವ್ವನೇ ಹೇಳಿದಳು, "ಮಣ್ಣು ಕುಡಿಸ್ತಾನೆ."

ಡಾಕ್ಟರು ನಗಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೀರುವ ಮಣ್ಣು ವಿಷ ಯಾವುದು, ಔಷಧ ಯಾವುದು ಅಂತ ಕೇಳಿ ಹೀರುವುದಿಲ್ಲ, ಮಾತ್ರೆಯ ಜೊತೆಗೇ ಕೊಟ್ಟರೆ ಮಾತ್ರೆಯನ್ನೂ ಹಿಡಿದುಕೊಂಡಿರಬಹುದು ಅಂದರು. ಪಾಚಿಯಲ್ಲಿ ಅಯೋಡಿನ್ ಇರುತ್ತದೆ, ಲೇಬಲ್ಲಿನಲ್ಲಿ ಬರೆದಷ್ಟೇ ಇರುತ್ತದೆ ಅಂತ ನಂಬುವ ಹಾಗಿಲ್ಲ, ಥೈರಾಯ್ಡ್ ತೊಂದರೆ ಇರುವವರಿಗೆ ಹೆಚ್ಚುವರಿ ಅಯೋಡಿನ್ ಇನ್ನೂ ತೊಂದರೆ ಕೊಡಬಹುದು ಅಂದರು. ನಮ್ಮ ಅಡುಗೆ ಉಪ್ಪಿನಲ್ಲೇ ಅಯೋಡಿನ್ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ ಮಾತ್ರ ಅಂತಲೂ ಹೇಳಿದರು. ಎಲ್ಲ ನಿಲ್ಲಿಸಿ, ಡಬ್ಬಿ ತಂದು ತೋರಿಸಿ ಅಂದರು.

ಅವತ್ತು ರಾತ್ರಿ ಕರೆಂಟಿರಲಿಲ್ಲ. ಟಾರ್ಚ್ ಹಿಡಿದು ಡಬ್ಬಿಯ ಮೇಲಿನ ಅಕ್ಷರ ಓದಿದೆ. ಮೊದಲ ಸಲ. ಮೂರು ತಿಂಗಳಲ್ಲಿ ಮೊದಲ ಸಲ! ಒಂದು ಕ್ಯಾಪ್ಸೂಲ್‌ನಲ್ಲಿ ಅಯೋಡಿನ್ 150 ಮೈಕ್ರೋಗ್ರಾಂ. ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ, ಔಷಧವಾಗಿ ಬಳಸಲು ಅಲ್ಲ ಅಂತ. ಡಬ್ಬಿಯಲ್ಲಿ ಎಲ್ಲಿ ಹುಡುಕಿದರೂ ರೇಡಿಯೇಷನ್ ಅನ್ನುವ ಪದವೇ ಇಲ್ಲ.

ಮಗಳು ಫೋನಿನಲ್ಲಿ ಲೆಕ್ಕ ಹಾಕಿದಳು. "ಅಪ್ಪಾ, ನಿಜವಾದ ಅಣು ಅಪಘಾತ ಆದಾಗ ದೊಡ್ಡವರಿಗೆ ಕೊಡೋದು 130 ಮಿಲಿಗ್ರಾಂ ಪೊಟ್ಯಾಸಿಯಮ್ ಅಯೊಡೈಡ್. ಅಂದ್ರೆ 1,30,000 ಮೈಕ್ರೋಗ್ರಾಂ. ಅದರಲ್ಲಿ ಮುಕ್ಕಾಲು ಭಾಗ ಅಯೋಡಿನ್, ಸುಮಾರು ಒಂದು ಲಕ್ಷ ಅಂದ್ಕೋ. ನಿನ್ನ ಕ್ಯಾಪ್ಸೂಲ್‌ನಲ್ಲಿ 150. ಆರುನೂರಕ್ಕಿಂತ ಜಾಸ್ತಿ ಕ್ಯಾಪ್ಸೂಲ್ ಒಂದೇ ಹೊತ್ತಿಗೆ ನುಂಗಬೇಕು." ಒಂದು ಡಬ್ಬಿಯಲ್ಲಿ ಇರುವುದು 60. ಹತ್ತು ಡಬ್ಬಿ ಖಾಲಿ ಮಾಡಿದರೂ ಸಾಲದು. ಕಾಪಾಡುವುದಕ್ಕೆ ಏನೇನೂ ಸಾಲದು, ಆದರೆ ಅವ್ವನಂಥವರಿಗೆ ದಿನಾ ಕೊಡಲು ಜಾಸ್ತಿಯೇ. ಇಂಥ ವಸ್ತುವನ್ನು ಹುಡುಕಿ ಹುಡುಕಿ ತಂದಿದ್ದೆ ನಾನು.

ಆ ಅಸಲಿ ಮಾತ್ರೆ ಕೂಡ ಕಾಪಾಡುವುದು ಥೈರಾಯ್ಡ್ ಒಂದನ್ನೇ, ಅದೂ ವಿಕಿರಣ ಇರುವ ಅಯೋಡಿನ್‌ನಿಂದ ಮಾತ್ರ. ಒಡ್ಡಿಕೊಳ್ಳುವ ಸ್ವಲ್ಪ ಮೊದಲು ಅಥವಾ ಆದ ಕೂಡಲೇ, ಆಡಳಿತ ಹೇಳಿದಾಗ ತೆಗೆದುಕೊಳ್ಳಬೇಕು. ನಲವತ್ತು ದಾಟಿದವರಿಗೆ ಅದರಿಂದ ಲಾಭವೂ ಕಡಿಮೆ. ಆ ವಿಕಿರಣದ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧ ಅರ್ಧ ಕರಗಿಹೋಗುತ್ತದೆ. ಮೂವತ್ತು ವರ್ಷಕ್ಕೆ ಅರ್ಧ ಆಗುವ ಸೀಸಿಯಂ ಅನ್ನುವ ಇನ್ನೊಂದು ವಿಕಿರಣ ವಸ್ತುವಿಗೆ ಆ ಮಾತ್ರೆ ಕೆಲಸಕ್ಕೇ ಬರುವುದಿಲ್ಲ. ಅದು ದೇಹದೊಳಗೆ ಹೋದರೆ ಪ್ರಷ್ಯನ್ ಬ್ಲೂ ಅಂತ ಬೇರೆ ಔಷಧ ಇದೆ, ಅದನ್ನು ಡಾಕ್ಟರೇ ಕೊಡಬೇಕು. ನಾನು ಎಪ್ಪತ್ತಾರರ ಅವ್ವನಿಗೆ, ಸೋರಿಕೆಯೇ ಆಗದ ಸೋರಿಕೆಗೆ, ಮೂರು ತಿಂಗಳು ಮಣ್ಣು ಕುಡಿಸಿದೆ.

ಈಗ ಕಿಟ್ ಮಾರಿದವನ ಉತ್ತರಗಳನ್ನು ಕೇಳಿ. ನನಗೆ ಇವು ಬಾಯಿಪಾಠ ಆಗಿಬಿಟ್ಟಿವೆ.

ಮೊದಲು ಅವ್ವನ ರಿಪೋರ್ಟ್ ಕಳಿಸಿದೆ. "ಇದು ಡಿಟಾಕ್ಸ್ ಸಾರ್. ಮೊದಲು ಮೇಲೆ ಹೋಗಿ ಆಮೇಲೆ ಕೆಳಗೆ ಬರುತ್ತೆ. ನಿಲ್ಲಿಸಬೇಡಿ, ಡಬಲ್ ಮಾಡಿ" ಅಂದ. ಡಬಲ್ ಮಾಡಿ ಅಂದ! ಡಾಕ್ಟರು ಬೇಡ ಅಂದಿದ್ದಾರೆ ಅಂದೆ. "ಅವರು ಹಾಗೆ ಹೇಳದೆ ಇನ್ನೇನು ಹೇಳ್ತಾರೆ ಸಾರ್, ಅವರ ಬಿಸಿನೆಸ್ ಅದು." ಡಬ್ಬಿಯಲ್ಲಿ ಔಷಧ ಅಲ್ಲ ಅಂತ ಬರೆದಿದೆಯಲ್ಲ ಅಂದೆ. "ನಾವು ಔಷಧ ಅಂತ ಯಾವಾಗ ಹೇಳಿದ್ವಿ? ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆ ನೋಡಿ, ಹದಿನಾಲ್ಕು ಅಂಕಿ." ಆ ನಂಬರ್ ಇರುವುದು ಆಹಾರ ಮಾರುವುದಕ್ಕೆ. ಚಕ್ಕುಲಿ ಪೊಟ್ಟಣದ ಮೇಲೂ ಇರುತ್ತದೆ.

ದುಡ್ಡು ವಾಪಸ್ ಕೊಡಿ ಅಂದಾಗ ಸೀಲ್ ಒಡೆದಿದೆ, ಆಗಲ್ಲ ಅಂದ. ನಾನು ದನಿ ಏರಿಸಿದೆ. ಆಗ ಹೇಳಿದ ಮಾತನ್ನು ಮರೆಯಲು ಆಗುತ್ತಿಲ್ಲ. ಅದೇ ಮೆತ್ತನೆ ದನಿಯಲ್ಲಿ, "ಸಾರ್, ಒಂದು ಮಾತು ಕೇಳ್ತೀನಿ. ನಿಮ್ಮ ಮನೇಲಿ ಯಾರಿಗಾದ್ರೂ ರೇಡಿಯೇಷನ್ ತಗುಲಿತಾ? ಇಲ್ಲ ತಾನೆ? ಮತ್ತೆ ಪ್ರಾಡಕ್ಟ್ ಕೆಲಸ ಮಾಡಿದೆ ಅಂತಾನೇ ಅಲ್ವಾ?"

ನನಗೆ ಬಾಯಿ ಕಟ್ಟಿತು. ಉತ್ತರ ಹೊಳೆದಿದ್ದು ರಾತ್ರಿ ಹಾಸಿಗೆಯಲ್ಲಿ, ಎರಡು ಗಂಟೆಗೆ. ನಮ್ಮ ತೋಟಕ್ಕೆ ಈ ವರ್ಷ ಸಿಂಹವೂ ಬರಲಿಲ್ಲ. ಅದೂ ನಿನ್ನ ಪುಡಿಯಿಂದಲೇನಪ್ಪಾ?

ಮಾರನೇ ದಿನ ನೋಡಿದರೆ ಅವನು ಹಿಂದೆ ಕಳಿಸಿದ್ದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಅಳಿಸಿದ್ದ. ಅಮ್ಮನಿಗೆ ಇಷ್ಟು ಕೊಡಿ, ಹೀಗೆ ಕೊಡಿ ಅಂತ ಇದ್ದದ್ದೆಲ್ಲ ಮಾಯ. ಒಂದೇ ಒಂದು ಉಳಿಸಿದ್ದ. "ಹತ್ತು ಜನರನ್ನು ಸೇರಿಸಿದರೆ ನಿಮ್ಮ ಕಿಟ್ ಫ್ರೀ."

ಚಿಕ್ಕಪ್ಪನ ಮಗನನ್ನು ಕೇಳಿದರೆ "ನಾನೂ ಕಳ್ಕೊಂಡಿದೀನಿ ಅಣ್ಣಾ" ಅಂದ. ನನ್ನ ಮೂರು ಕಿಟ್‌ಗೆ ಅವನಿಗೆ ಕಮಿಷನ್ ಹೋಗಿದೆ ಅಂತ ಆಮೇಲೆ ಗೊತ್ತಾಯಿತು. ಮಾತು ಬಿಟ್ಟಿದ್ದೇನೆ.

ಸುಬೇದಾರ್ ಮಾವನ ಮನೆಗೆ 4,800 ಹಿಡಿದು ಹೋದೆ. ನನ್ನ ಕೈಯಿಂದಲೇ. ಅತ್ತೆ ಬೇಡ ಅಂದರು, ಮೇಜಿನ ಮೇಲೆ ಇಟ್ಟೆ. ಮಾವ ಕಾಫಿ ಕೊಡಿಸಿ, "ಸೈನ್ಯದಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟೇ ಕಣಯ್ಯಾ. ಒಳಗೆ ಹೋಗು, ಬಾಗಿಲು ಕಿಟಕಿ ಹಾಕು, ಮೇಲಿನ ಬಟ್ಟೆ ಬಿಚ್ಚಿ ಹೊರಗೆ ಇಡು, ಸೋಪು ಹಾಕಿ ಮೈ ತೊಳ್ಕೋ, ಮುಚ್ಚಿಟ್ಟ ನೀರು, ಮುಚ್ಚಿಟ್ಟ ಊಟ. ಪುಡಿ ಗಿಡಿ ಯಾರೂ ಕೊಡಲಿಲ್ಲ" ಅಂದರು. ಅತ್ತೆ ಆ ಪುಡಿಯನ್ನು ಒಂದು ದಿನವೂ ತಿಂದಿರಲಿಲ್ಲವಂತೆ. ನನಗೆ ಬೇಜಾರಾಗಬಾರದು ಅಂತ ಕೊಂಡಿದ್ದರಂತೆ. ಅದು ಇನ್ನೂ ಚುಚ್ಚಿತು.

ಯಾರಾದರೂ ಈಗಾಗಲೇ ತೆಗೆದುಕೊಂಡಿದ್ದರೆ ಮೊದಲು ಮೆಸೇಜ್‌ಗಳ ಫೋಟೋ ತೆಗೆದಿಡಿ, ಅವರು ಅಳಿಸುವ ಮೊದಲು. ಬಿಲ್ ಕೇಳಿ. ನನ್ನ ಹತ್ತಿರ ಬಿಲ್ ಇಲ್ಲ, ಯುಪಿಐ ದಾಖಲೆ ಮಾತ್ರ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ನಂಬರ್ ಸಿಕ್ಕಿದೆ. ಮನೆಯಲ್ಲಿ ಥೈರಾಯ್ಡ್, ಶುಗರ್, ಬಿಪಿ ಮಾತ್ರೆ ನುಂಗುವವರು ಇದ್ದರೆ, ನೈಸರ್ಗಿಕ ಅಂತ ಬರೆದಿದ್ದರೂ ಸರಿ, ಡಾಕ್ಟರನ್ನು ಕೇಳದೆ ಕೊಡಬೇಡಿ. ಹಾವಿನ ವಿಷವೂ ನೈಸರ್ಗಿಕವೇ.

ಅವ್ವ ಈಗ ಪರವಾಗಿಲ್ಲ. ಮಾತ್ರೆಯ ಪ್ರಮಾಣ ಬದಲಾಗಿದೆ, ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು. ಮಣ್ಣಿನ ಡಬ್ಬಿ ಒಂದು ಉಳಿದಿತ್ತು. ಸಾಕ್ಷಿಗೆ ಬೇಕು, ಎಸೆಯಬೇಡ ಅಂತ ಹೇಳಿ ಬೀರುವಿನಲ್ಲಿ ಇಟ್ಟಿದ್ದೇನೆ.

ನಿನ್ನೆ ಒಬ್ಬರು ಒಂದು ಮೆಸೇಜ್ ತೋರಿಸಿದರು. ಅದೇ ಜನ, ಈ ಸಲ ಗೋಣಿಕೊಪ್ಪದಲ್ಲಿ ಮೀಟಿಂಗ್ ಇಟ್ಟಿದ್ದಾರೆ. ಈಗ ಮೊಬೈಲ್ ಟವರ್ ರೇಡಿಯೇಷನ್ ಅಂತೆ. ಮಧ್ಯಾಹ್ನ ಊಟ ಇದೆಯಂತೆ. ಹೋಗಲೇಬೇಕು ಅನ್ನುವವರು ಊಟ ಮಾಡಿಕೊಂಡು ಬನ್ನಿ, ಫೋನ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.